ನಾಯಿಯ ಕೊರಳಿಗೆ ಸಿಬ್ಬಲು

ಪೇಟೆಯಲ್ಲಿ ಗಾಯವಾದ ನಾಯಿಯ ಕೊರಳಿಗೆ ಪ್ಲಾಸ್ಟಿಕ್ಕಿನ ಕೊಡೆಯಂಥದ್ದನ್ನು ಕಟ್ಟಿ ಕರೆದುಕೊಂಡು ಹೋಗುವವರನ್ನು ಕಂಡರೆ ನನಗೆ ಸುಮ್ಮನೆ ದಾಟಿಹೋಗಲು ಆಗುವುದಿಲ್ಲ. ತಡೆದು ನಿಲ್ಲಿಸಿ, ಇದನ್ನು ಮೊದಲು ಮಾಡಿದವಳು ನಮ್ಮವ್ವ ಎಂದು ಹೇಳಿಯೇ ತೀರುತ್ತೇನೆ. ನಂಬದಿದ್ದರೆ ಬಿಡಲಿ, ನನ್ನ ಗಂಟೇನು ಹೋಗುತ್ತದೆ.

ಐವತ್ತರ ದಶಕದ ಕೊನೆಯ ಮಾತು. ನಮ್ಮದು ಹೊಳೆನರಸೀಪುರದ ಹಳೇಕೋಟೆ ಕಡೆಯ ಬೇಸಾಯದ ಮನೆ. ಕಬ್ಬಿನ ಗದ್ದೆ ಕಾಯುತ್ತಿದ್ದ ನಮ್ಮ ಕೆಂದ ನಾಯಿಗೆ ಕಾಡುಹಂದಿ ತಿವಿದು ಹಿಂದೊಡೆ ಸೀಳಿತ್ತು. ಗಾಯಕ್ಕೆ ಹುಳ ಬಿತ್ತು. ಅವ್ವ ಸೀತಾಫಲದ ಸೊಪ್ಪು ಅರೆದು ಮೆತ್ತುವುದು, ಅವಳು ಎದ್ದುಹೋದ ಕೂಡಲೇ ನಾಯಿ ತಿರುಗಿ ನೆಕ್ಕಿ ಹಾಕುವುದು. ವಾಸನೆ ತಡೆಯಲಾರದೆ ಅಪ್ಪ, ಯುಗಾದಿಯೊಳಗೆ ವಾಸಿಯಾಗದಿದ್ದರೆ ಹೊಳೆಯಾಚೆ ಬಿಟ್ಟುಬರುತ್ತೇನೆ ಎಂದುಬಿಟ್ಟ. ಹಾಗೆ ಬಿಡುವುದೆಂದರೆ ಸಾಯಲು ಬಿಡುವುದು ಎಂದು ಮಕ್ಕಳಾದ ನಮಗೂ ಗೊತ್ತಿತ್ತು.

ಅವ್ವ ಮಾತಿನವಳಲ್ಲ. ಒಳಗೆ ಹೋಗಿ ಅನ್ನ ಬಸಿಯುವ ಬಿದಿರಿನ ಸಿಬ್ಬಲು ತಂದಳು. ಕುಡುಗೋಲಿನಿಂದ ನಡುವೆ ತೂತು ಕೊರೆದು, ಒಂದು ಕಡೆ ಸೀಳಿ, ಚುಚ್ಚದ ಹಾಗೆ ಹಳೇ ಸೀರೆಯ ಅಂಚು ಸುತ್ತಿ ನಾಯಿಯ ಕೊರಳಿಗೆ ತೊಡಿಸಿ ಹೊಲಿದುಬಿಟ್ಟಳು. ನಾಯಿ ಎಷ್ಟು ತಿರುಗಿದರೂ ಬಾಯಿ ತೊಡೆಗೆ ಎಟುಕಲಿಲ್ಲ. ತಟ್ಟೆಗೂ ಎಟುಕಲಿಲ್ಲ. ಅದಕ್ಕೆ ಚಿಪ್ಪಿನ ಸೌಟಿನಲ್ಲಿ ರಾಗಿ ಅಂಬಲಿ ಕುಡಿಸುವ ಕೆಲಸ ನನಗೆ ಬಿತ್ತು. ಕಂಡ ಕಂಬಕ್ಕೆಲ್ಲ ಡಿಕ್ಕಿ ಹೊಡೆದುಕೊಂಡು ಮದುವಣಗಿತ್ತಿಯಂತೆ ನಿಧಾನ ನಡೆಯುತ್ತಿತ್ತು, ಪಾಪ.

ಆದರೆ ಅಡುಗೆಮನೆ ಅವ್ವನದಲ್ಲ, ಅವಳ ಅತ್ತೆಯದು. ನಾಯಿ ಮೂಸಿದ ಸಾಮಾನು ಮತ್ತೆ ಹೊಸಿಲು ದಾಟಿ ಒಳಗೆ ಬರಕೂಡದು ಎಂಬುದು ಅಜ್ಜಿಯ ಕಟ್ಟು. ದಿನಾ ಮುದ್ದೆ ಉಣ್ಣುವ ಮನೆ. ಅನ್ನ ಮಾಡುತ್ತಿದ್ದುದೇ ಹಬ್ಬಕ್ಕೆ, ಇದ್ದದ್ದೇ ಒಂದು ಸಿಬ್ಬಲು. ಅಜ್ಜಿ ನಾಯಿಯನ್ನು ನೋಡಿದಳು, ಅವ್ವನನ್ನು ನೋಡಿದಳು.

"ಅಬ್ಬದ ದಿನ ಅನ್ನ ಅಂಗೈಲಿ ಬಸೀತೀಯಾ?" ಎಂದು ಕೇಳಿ ಮಾತು ಬಿಟ್ಟಳು.

ಯುಗಾದಿಗೆ ಅರಕಲಗೂಡಿನಿಂದ ಬೀಗರು ಬಂದರು. ಅವ್ವ ಮರದ ಮುಚ್ಚಳ ಒತ್ತಿ ಹಿಡಿದು ಗಂಜಿ ಬಸಿಯಲು ಹೋಗಿ ಕೈ ಸುಟ್ಟುಕೊಂಡಳು, ಕಾಲುಭಾಗ ಅನ್ನವೂ ಗಂಜಿಯ ಜೊತೆ ಹೋಯಿತು. ಬೀಗಿತ್ತಿ ಅಂಗಳದ ನಾಯಿಯನ್ನು ನೋಡಿ, ಈ ಮನೆಯಲ್ಲಿ ಅನ್ನ ಬಸಿಯುವುದು ನಾಯಿಯ ಕೆಲಸವೋ ಎಂದು ನಕ್ಕಳು. ಅವ್ವ ತಲೆ ತಗ್ಗಿಸಿ ಬಡಿಸಿದಳು. ಆ ಬೀಗಿತ್ತಿಯ ಮೇಲೆ ನನಗೆ ಈಗಲೂ ಸಿಟ್ಟಿದೆ.

ಊಟವಾದ ಮೇಲೆ ಅಪ್ಪ ನಾಯಿಯ ತೊಡೆ ಮುಟ್ಟಿ ನೋಡಿದ. ಹುಳ ಸತ್ತು ಗಾಯ ಒಣಗಿ ಮೇಲೆ ಹೊಸ ಚರ್ಮ ಬರುತ್ತಿತ್ತು. ಹೊಳೆಯ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಕೂದಲು ಬಂದ ಮೇಲೆ ಅವ್ವ ಹೊಲಿಗೆ ಬಿಚ್ಚಿ ಸಿಬ್ಬಲನ್ನು ತಿಪ್ಪೆಗೆ ಎಸೆಯಲು ಹೊರಟಳು. ಅಜ್ಜಿ ಅದನ್ನು ಕೈಯಿಂದ ಕಿತ್ತುಕೊಂಡು ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದಳು.

ಮುಂದಿನ ಸಂತೆಗೆ ಅತ್ತೆ ಸೊಸೆ ಜೊತೆಯಲ್ಲಿ ಹೊರಟರು, ನಾನು ಸೆರಗು ಹಿಡಿದು ಹಿಂದೆ. ಅಜ್ಜಿ ಬಿದಿರು ಹೆಣೆಯುವವಳ ಮುಂದೆ ಕುಕ್ಕರುಗಾಲಲ್ಲಿ ಕೂತು ಎರಡು ಸಿಬ್ಬಲು ಕೇಳಿದಳು. ಎರಡು ಯಾಕೆ ಎಂದಳು ಹೆಣೆಯುವವಳು.

"ಒಂದು ಅನ್ನಕ್ಕೆ. ಇನ್ನೊಂದ್ಕೆ ನಡುವೆ ನಾಯಿ ಕೊಳ್ಳು ತೂರೋವಂಗೆ ತೂತು ಬುಟ್ಟು ಎಣಿ. ಎಂಗೆ ಅಂತ ನನ್ ಸೊಸೆ ಯೋಳ್ತಾಳೆ, ಕೇಳ್ಕೊ."

ಅವ್ವ ಮುಂದೆ ಬಂದು ಕೂತಳು. ಸುಟ್ಟ ಕಲೆ ಇನ್ನೂ ಹೋಗಿರದ ಎರಡು ಕೈಗಳನ್ನೂ ದುಂಡಗೆ ಹಿಡಿದು, ನಾಯಿಯ ಕೊರಳು ಎಷ್ಟು ದಪ್ಪ ಎಂದು ತೋರಿಸಿದಳು.