ಇಪ್ಪೆ ಮರದ ಹಾಲಕ್ಕಿ

ಹಕ್ಕಿ ಶಕುನ ಎಂದರೆ ನನಗೆ ಮೊದಲಿನಿಂದಲೂ ಮೈಯುರಿ. ತೊಂಬತ್ತರ ದಶಕದಲ್ಲಿ ಕೃಷ್ಣರಾಜಪೇಟೆಯಲ್ಲಿ ಮೇಷ್ಟ್ರಾಗಿದ್ದೆ. ರಜೆ ಬಂದರೆ ಸೈಕಲ್ಲಿಗೆ ಹಕ್ಕಿಗಳ ಚಿತ್ರಪಟ ಕಟ್ಟಿಕೊಂಡು ಊರೂರು ಸುತ್ತುತ್ತಿದ್ದೆ. ಗೂಬೆ ಕೂಗಿದರೆ ಸಾವು ಬರುವುದಿಲ್ಲ, ಅದು ಇಲಿ ತಿಂದು ನಿಮ್ಮ ರಾಗಿ ಉಳಿಸುತ್ತದೆ, ಹೊಡೆಯಬೇಡಿ ಎಂದು ಗಂಟಲು ಹರಿದುಕೊಳ್ಳುತ್ತಿದ್ದೆ. ಬೆನ್ನ ಹಿಂದೆ ಜನ ನನ್ನನ್ನು ‘ಗೂಬೆ ಮೇಷ್ಟ್ರು’ ಎನ್ನುತ್ತಿದ್ದರು. ಎನ್ನಲಿ ಬಿಡಿ. ಅಂಥ ನನಗೇ ಹೀಗೊಂದು ಅನುಭವವಾಯಿತೆಂದರೆ ನೀವೂ ನಗಬಹುದು.

ಅಕ್ಕಿಹೆಬ್ಬಾಳಿನ ಹತ್ತಿರ ಬೋರೇಗೌಡರೆಂಬ ಹಿರಿಯರ ಗದ್ದೆ. ಬದುವಿನ ಹಳೆಯ ಇಪ್ಪೆ ಮರದ ಪೊಟರೆಯಲ್ಲಿ ಸಣ್ಣ ಗೂಬೆಗಳ ಜೋಡಿಯೊಂದು ಮರಿ ಮಾಡಿತ್ತು. ಅವು ಕೂಗಲು ಶುರುಮಾಡಿದ ಮೇಲೆ ಗೌಡರ ಹಸುವೊಂದು ಸತ್ತಿತ್ತು. ಮನೆಯಲ್ಲಿ ಸೊಸೆ ತುಂಬು ಬಸುರಿ. ಬೆಳಗಾದರೆ ಮರ ಉರುಳಿಸಲು ಆಳುಗಳಿಗೆ ಹೇಳಿಯಾಗಿತ್ತು. ಸುದ್ದಿ ತಿಳಿದು ಸಂಜೆಯೇ ಹೋದೆ. ಮರ ಉಳಿಸದೆ ಹಿಂದಿರುಗಬಾರದೆಂಬ ಹಟ.

ಗೌಡರು ನನ್ನ ಮಾತನ್ನೆಲ್ಲ ಸಮಾಧಾನದಿಂದ ಕೇಳಿದರು.

“ನಿಮ್ಮ ಇಲಿ ಲೆಕ್ಕ ಸರಿ ಮೇಷ್ಟ್ರೇ. ನಮ್ಮ ಸೊಸೆಗೇನಾರ ಎಚ್ಚುಕಮ್ಮಿ ಆದ್ರೆ ಯಾರ್ ಬತ್ತಾರೆ?”

ಕಡಿಸುವ ಮುಂಚೆ ಒಂದು ಸಲ ಹಕ್ಕಿಯನ್ನು ಕಣ್ಣಾರೆ ನೋಡಿ ಎಂದು ಕಾಡಿಬೇಡಿ ಅವರನ್ನು ಮರದ ಬಳಿಗೆ ಕರೆದೊಯ್ದೆ. ಪಕ್ಕದಲ್ಲೇ ಪಂಪ್‌ಸೆಟ್ಟಿನ ಹಳೆಯ ಮನೆ. ಅದರ ಮಣ್ಣುಗೋಡೆಗೆ ಒರಗಿ ಚಪ್ಪಡಿಯ ಮೇಲೆ ಇಬ್ಬರೂ ಕೂತೆವು. ಇನ್ನೂ ಬೆಳಕಿತ್ತು.

ಹಕ್ಕಿ ಪೊಟರೆಯಿಂದ ಹೊರಬಂತು, ನಮ್ಮನ್ನೇ ನೋಡಿತು, ಕಿರುಚಿತು. ಆ ಕಿರುಚಾಟದ ನಡುವೆ ಯಾರೋ ಹತ್ತಿರದಲ್ಲೇ, “ಎದ್ದೇಳ್ಲಾ” ಎಂದರು. ನಾನು ಎದ್ದೆ. ಗೌಡರೂ ಎದ್ದರು. ನಾಲ್ಕು ಹೆಜ್ಜೆ ಹೋಗಿರಬೇಕು, ಹಿಂದೆ ಗೋಡೆ ದಬಕ್ಕನೆ ಕುಸಿದು ಚಪ್ಪಡಿಯನ್ನು ಮುಚ್ಚಿಹಾಕಿತು.

ಪಂಪಿನ ನೀರು ಹೀರಿದ ಗೋಡೆ, ಬಿದ್ದದ್ದರಲ್ಲಿ ಆಶ್ಚರ್ಯವಿಲ್ಲ. ನನ್ನನ್ನು ಕಾಡುವುದು ಆ ಏಕವಚನದ ‘ಲಾ’. ಗೌಡರು ಕರೆದರೆಂದು ನಾನೂ, ನಾನು ಕರೆದೆನೆಂದು ಅವರೂ ಎದ್ದಿದ್ದೆವು. ಅವರು ಮೇಷ್ಟ್ರಿಗೆ ‘ಲಾ’ ಎನ್ನುವವರಲ್ಲ. ನನ್ನ ತಂದೆಯ ವಯಸ್ಸಿನವರಿಗೆ ನಾನು ಹಾಗೆನ್ನುವುದುಂಟೆ? ಸುತ್ತ ಹುಡುಕಿದೆವು. ಗದ್ದೆಬಯಲಿನಲ್ಲಿ ಮೂರನೆಯವರು ಇರಲಿಲ್ಲ.

ಗೌಡರು ಮರಕ್ಕೆ ಕೈಮುಗಿದರು. “ಇದು ಗೂಬೆ ಅಲ್ಲ ಕಣಿ ಮೇಷ್ಟ್ರೇ, ಆಲಕ್ಕಿ. ನಾನೇ ತೆಪ್ಪು ತಿಳ್ಕಂಡಿದ್ದೆ. ಕೊಡ್ಲಿ ಆಕ್ಸಕಿಲ್ಲ ಬುಡಿ.”

ಗೂಬೆ ಅಪಶಕುನ, ಹಾಲಕ್ಕಿ ಒಳ್ಳೆಯದನ್ನು ನುಡಿಯುವ ಹಕ್ಕಿ ಎಂಬುದು ನಮ್ಮ ಕಡೆಯ ನಂಬಿಕೆ. ಎರಡೂ ಇದೇ ಹಕ್ಕಿಯ ಹೆಸರು, ಎರಡು ನಂಬಿಕೆಯೂ ಸುಳ್ಳು ಎನ್ನಲು ತೆರೆದ ಬಾಯನ್ನು ಮುಚ್ಚಿಕೊಂಡೆ. ಮರ ಉಳಿಯಿತು. ಉಳಿದದ್ದು ನನ್ನ ಪಾಠದಿಂದಲ್ಲ ಎಂಬುದು ಈಗಲೂ ಚುಚ್ಚುತ್ತದೆ.

ಹಾಗೆಂದು ಚಿತ್ರಪಟ ಅಟ್ಟಕ್ಕೆ ಹಾಕಲಿಲ್ಲ. ಮುಂದಿನ ರಜೆಗೆ ನಾಗಮಂಗಲ, ಪಾಂಡವಪುರದ ಊರುಗಳಿಗೂ ಹೋದೆ, ಇಂದಿಗೂ ಹೋಗುತ್ತೇನೆ. ಹಕ್ಕಿ ಒಳ್ಳೆಯದನ್ನೂ ನುಡಿಯುವುದಿಲ್ಲ, ಕೆಟ್ಟದ್ದನ್ನೂ ನುಡಿಯುವುದಿಲ್ಲ ಎಂದು ಎಲ್ಲ ಕಡೆ ಗಟ್ಟಿಯಾಗಿ ಹೇಳುತ್ತೇನೆ. ಆ ಇಪ್ಪೆ ಮರದ ಕೆಳಗೆ ಮಾತ್ರ ಒಮ್ಮೆಯೂ ಹೇಳಿಲ್ಲ.