ಕಬ್ಬಿನ ಗದ್ದೆಯಲ್ಲಿ ಖರ್ಚಾದ ಕಾಲು

ಫಿಜಿಯ ತವುವಾ ಪಟ್ಟಣದ ಪ್ರನೀಲ್ ಗೌಂಡರ್ ಕಟಾವಿನ ಸರದಿ ಬಂದಾಗ ಬೆಳಗ್ಗೆ ಕಬ್ಬು ಕಡಿಯುತ್ತಿದ್ದ, ಸಂಜೆ ಫುಟ್‌ಬಾಲ್ ಆಡುತ್ತಿದ್ದ. ಎರಡನ್ನೂ ತನ್ನ ಕಾಲು ತಾಳಿಕೊಳ್ಳುತ್ತದೆಂದು ಶಾಲೆ ಬಿಟ್ಟ ದಿನದಿಂದಲೂ ನಂಬಿದ್ದ. ವಯಸ್ಸು ಮೂವತ್ತನಾಲ್ಕಾದ ಮೇಲೆ ಕ್ಲಬ್ಬಿನವರಿಗೆ ಆ ನಂಬಿಕೆ ಉಳಿಯಲಿಲ್ಲ. ಈ ಸಲದ ಟೂರ್ನಿಯಲ್ಲಿ ಪೂರ್ತಿ ಪಂದ್ಯ ಓಡಲಾಗದಿದ್ದರೆ ಎಡಬದಿಯ ರಕ್ಷಣೆಗೆ ಬೇರೆಯವರನ್ನು ಹಾಕುತ್ತೇವೆ ಎಂದು ಮುಖಕ್ಕೇ ಹೇಳಿದ್ದರು.

ವಿಚಿತ್ರವೆಂದರೆ, ಅಭ್ಯಾಸದಲ್ಲಿ ಅವನನ್ನು ಮೀರಿಸುವವರೇ ಇರಲಿಲ್ಲ. ತರಬೇತುದಾರ ಇನೋಕೆ ಒಂದು ಕಾಲಕ್ಕೆ ಅವನ ಜೊತೆ ಆಡಿದವನು. ಈಗ ಆಟಗಾರರ ಬೆನ್ನಿಗೆ ಓಟ ಅಳೆಯುವ ಪುಟ್ಟ ಯಂತ್ರ ಕಟ್ಟುತ್ತಿದ್ದ. ಸಂಜೆಯ ಲೆಕ್ಕದಲ್ಲಿ ಪ್ರನೀಲ್ ಯಾವಾಗಲೂ ಮೇಲಿನ ಮೂವರಲ್ಲಿ ಒಬ್ಬ.

"ನೋಡಿದೆಯಾ? ಮುದುಕ ಅಂತೀರಲ್ಲ," ಎಂದು ಒಮ್ಮೆ ಕೆಣಕಿದ.

"ಇಲ್ಲಿ ನೀನು ಓಡ್ತೀಯ, ನಾನು ಸೀಟಿ ಊದ್ತೀನಿ, ನೀರು ಕುಡೀತೀಯ," ಎಂದ ಇನೋಕೆ. "ಪಂದ್ಯದಲ್ಲಿ ನಿನಗೆ ಸುಸ್ತಾಯ್ತು ಅಂತ ಯಾರು ಸೀಟಿ ಊದ್ತಾರೆ? ಎದುರಿನವನು ತಿರುಗಿದಾಗ ತಿರುಗಬೇಕು, ಹಾರಿದಾಗ ಹಾರಬೇಕು. ಯಾವಾಗ ಓಡೋದು ಅಂತ ಹೇಳೋನು ಅವನು ಕಣೋ, ನಾನಲ್ಲ."

ಟೂರ್ನಿ ಎಂದರೆ ಶುಕ್ರವಾರದಿಂದ ಭಾನುವಾರದವರೆಗೆ ದಿನಕ್ಕೊಂದು ಪಂದ್ಯ. ಅದಕ್ಕೆ ಮುಂಚಿನ ವಾರ ಇನೋಕೆ ಅಭ್ಯಾಸವನ್ನು ಅರ್ಧಕ್ಕಿಳಿಸಿದ. ಕಾಲಲ್ಲಿ ಒಂದಿಷ್ಟು ಉಳಿಯಲಿ ಎಂಬುದು ಅವನ ಲೆಕ್ಕ. ಆದರೆ ಅದೇ ವಾರ ಪ್ರನೀಲನ ಕಬ್ಬು ಕಡಿಯುವ ಗ್ಯಾಂಗಿಗೆ ಕಟಾವಿನ ಸರದಿ ಬಂತು. ಗರಿ ಸುಡಲು ಬೆಂಕಿ ಹಚ್ಚಿದ ಮೇಲೆ ಕಬ್ಬು ಕಾಯುವುದಿಲ್ಲ, ಕೂಡಲೇ ಕಡಿಯಬೇಕು. ಗ್ಯಾಂಗಿನಲ್ಲಿ ತಪ್ಪಿಸಿಕೊಳ್ಳುವವನು ತನ್ನ ಬದಲಿಗೆ ಆಳು ಕೊಡಬೇಕು. ಪ್ರತಿ ವರ್ಷ ಬದಲಿಗೆ ಬರುತ್ತಿದ್ದ ಭಾವಮೈದುನ ಹಣ್ಣು ಕೀಳಲು ನ್ಯೂಜಿಲೆಂಡಿಗೆ ಹೋಗಿದ್ದ.

ಗ್ಯಾಂಗಿನ ಮುಖ್ಯಸ್ಥ, ಸರ್ದಾರ ಪೆರ್ಮಾಲನನ್ನು ಕೇಳಿದ. "ಮಾಮಾ, ಇದೊಂದು ವಾರ ನನ್ನನ್ನ ಬಿಟ್ಟುಬಿಡಿ."

"ಬಿಡ್ತೀನಿ. ನಿನ್ನ ಸಾಲು ಯಾರು ಕಡೀತಾರೆ, ಗೋಲ್‌ಕೀಪರ್ರಾ?"

ಗ್ಯಾಂಗಿನವರು ನಕ್ಕರು. ಪ್ರನೀಲನೂ ನಕ್ಕು ಕತ್ತಿ ಎತ್ತಿಕೊಂಡ. ಅವನಿಗೆ ಹೆಚ್ಚು ಚಿಂತೆಯಾಗಲಿಲ್ಲ. ಸಂಜೆಯ ಓಟ ಅರ್ಧವಾಗಿದೆಯಲ್ಲ, ಉಳಿದರ್ಧ ಕಬ್ಬಿಗೆ ಹೋಗಲಿ, ಅಲ್ಲಿಗೆ ಸರಿಹೋಯಿತು ಎಂದುಕೊಂಡ. ಇನೋಕೆಗೆ ಏನೂ ಹೇಳಲಿಲ್ಲ. ಸಂಜೆ ಕಟ್ಟಿದ ಯಂತ್ರಕ್ಕೆ ಬೆಳಗಿನ ಗದ್ದೆ ಕಾಣುವುದಿಲ್ಲ.

ಶುಕ್ರವಾರ ಆಟ ನಡೆಯಿತು. ಶನಿವಾರ ಕೊನೆಗೆ ಮೀನಖಂಡ ಹಿಡಿದುಕೊಂಡರೂ ನಿಭಾಯಿಸಿದ. ಭಾನುವಾರದ ಫೈನಲ್ ಮಧ್ಯಾಹ್ನದ ಬಿಸಿಲಲ್ಲಿ. ವಿರಾಮದ ತನಕ ಯಾರಿಗೂ ಏನೂ ಗೊತ್ತಾಗಲಿಲ್ಲ. ಆಮೇಲೆ ಅವನ ಬದಿಯಲ್ಲಿ ಒಬ್ಬ ಹುಡುಗ ಒಳಕ್ಕೆ ಹೋಗುವಂತೆ ತೋರಿಸಿ ಹೊರಕ್ಕೆ ತಿರುಗಿದ. ಪ್ರನೀಲ್ ಅದನ್ನು ಕಂಡ. ಎಲ್ಲಿಗೆ ಹೋಗಬೇಕೆಂಬುದೂ ಅವನಿಗೆ ತಿಳಿದಿತ್ತು. ಕಾಲು ಮಾತ್ರ ತಿರುಗಲಿಲ್ಲ. ಬಿದ್ದಲ್ಲಿಂದಲೇ ಗೋಲನ್ನು ನೋಡಿದ. ಅದೊಂದೇ ಗೋಲಿಗೆ ಪಂದ್ಯ ಹೋಯಿತು.

ಗೋಲಾದ ಕೂಡಲೇ ಇನೋಕೆ ಅವನನ್ನು ಹೊರಗೆ ಕರೆಸಿ, ನೀರು ಕೊಡುವಾಗ ಅಂಗೈ ನೋಡಿದ. ಗೆರೆಗಳಲ್ಲಿ ಸುಟ್ಟ ಕಬ್ಬಿನ ಮಸಿ, ಬೆರಳ ಬುಡದಲ್ಲಿ ಒಡೆದ ಹೊಸ ಬೊಬ್ಬೆ.

"ವಾರವೆಲ್ಲಾ?"

"ವಾರವೆಲ್ಲಾ."

"ಒಂದು ಮಾತು ಹೇಳಬಾರದಾಗಿತ್ತಾ?"

"ಹೇಳಿದ್ರೆ ಆಡಿಸ್ತಿದ್ದೆಯಾ?"

ಇನೋಕೆ ನೀರಿನ ಬಾಟಲಿ ಮುಚ್ಚಿದ. "ಶುಕ್ರವಾರ ಕೂರಿಸ್ತಿದ್ದೆ. ಇವತ್ತಿಗೆ ಉಳಿಸ್ಕೊಳ್ತಿದ್ದೆ."

ಈ ಉತ್ತರ ಪ್ರನೀಲನಿಗೆ ಹೊಳೆದೇ ಇರಲಿಲ್ಲ.

ಮರುವಾರ ಗ್ಯಾಂಗ್ ನದಿಯ ಕಡೆಯ ಗದ್ದೆಯಲ್ಲಿತ್ತು. ಬದುವಿನ ಮೇಲೆ ಇನೋಕೆ ನಡೆದು ಬರುವುದು ಕಂಡಿತು. ಕೈಯಲ್ಲಿ ಹಳೆಯ ಪತ್ರಿಕೆ ಸುತ್ತಿದ ಯಂಗೋನಾ ಬೇರಿನ ಕಟ್ಟು. ಹೇಳಲು ಕಷ್ಟವಾದ ಮಾತಿಗೆ ಮುಂಚೆ ಆ ಬೇರನ್ನು ಮುಂದಿಡುವುದು, ಮಾತನ್ನು ಒಪ್ಪಿದವನು ಅದನ್ನು ತೆಗೆದುಕೊಳ್ಳುವುದು, ಇನೋಕೆಯ ಮೂಲನಿವಾಸಿ ಜನರ ಕ್ರಮ. ಬರಿಗೈಯಲ್ಲಿ ಬಂದಿದ್ದರೆ ಬೈಯಲು ಬಂದಿದ್ದಾನೆ ಎನ್ನಬಹುದಿತ್ತು. ಬೈಸಿಕೊಂಡವನು ಮತ್ತೆ ಆಡಲೂಬಹುದು. ಬೇರು ತಂದಿದ್ದಾನೆಂದರೆ ಎಡಬದಿಗೆ ಬೇರೆಯವರು ಬಂದಾಯಿತು.

ಇನೋಕೆ ನೆಲದ ಮೇಲೆ ಕೂತು ಕಟ್ಟನ್ನು ಎರಡೂ ಕೈಯಲ್ಲಿ ಚಾಚಿದ. ಬಾಯಿ ತೆರೆಯುವ ಮೊದಲೇ ಪ್ರನೀಲ್ ಕತ್ತಿ ಕೆಳಗಿಟ್ಟು, ಎದುರು ಕೂತು, ಅದನ್ನು ತೆಗೆದುಕೊಂಡ.