ಬೆರಕೆ ಅಕ್ಕಿ

ತಗಡಿನ ಡಬ್ಬಿಯೊಳಗೆ ಅಕ್ಕಿ ಬಿದ್ದ ಸದ್ದು ಅಂದು ಬಡವಾಗಿತ್ತು. ದಿನವೂ ಝಲ್ಲೆಂದು ಬೀಳುತ್ತಿದ್ದ ಹಿಡಿ, ಈಗ ಎಡಗೈಯ ಬೆರಳ ಸಂದಿಯಲ್ಲಿ ಅರ್ಧ ಸೋರಿ, ಹನಿಯಲೋ ಬೇಡವೋ ಎನ್ನುವ ಮಳೆಯಂತೆ ಟಪಟಪ ಎಂದು ನಿಂತುಬಿಟ್ಟಿತು.

ಅನ್ನಕ್ಕಿಡುವ ಮುನ್ನ ಒಂದು ಹಿಡಿ ಅಕ್ಕಿ ತೆಗೆದಿಡದ ದಿನವನ್ನು ಬಿನ್ನಿಪೇಟೆಯ ಜೀವರತ್ನಮ್ಮ ಕಂಡಿಲ್ಲ. ಮಿಲ್ಲಿನ ಸೈರನ್ ಕೂಗುತ್ತಿದ್ದ ಕಾಲದಲ್ಲಿ ಆಕೆಯ ತಾಯಿಯೂ ಹೀಗೇ ತೆಗೆದಿಡುತ್ತಿದ್ದಳು. ಭಾನುವಾರ ಡಬ್ಬಿ ಚರ್ಚಿಗೆ ಹೋಗುತ್ತದೆ. ಎಲ್ಲರ ಮನೆಯ ಅಕ್ಕಿಯೂ ಒಂದೇ ಚೀಲಕ್ಕೆ ಬಿದ್ದು, ಆ ವಾರ ಯಾರ ಒಲೆ ಸೊರಗಿದೆಯೋ ಅವರ ಮನೆ ಸೇರುತ್ತದೆ. ಅಕ್ಕಿ ಹಾಕುವಾಗ ಒಂದು ಹೆಸರು ಹೇಳಿ ಪ್ರಾರ್ಥಿಸುವುದು ಜೀವರತ್ನಮ್ಮನ ರೂಢಿ. ಆಟೋ ಓಡಿಸುವ ಗಿರಿರಾಜನ ಕಿಡ್ನಿ, ಯಾರದೋ ಮಗಳ ಪರೀಕ್ಷೆ, ಎದುರುಮನೆಯ ಗೆಳತಿ ಚಿಕ್ಕಗಂಗಮ್ಮನ ಮಂಡಿನೋವು, ಎಲ್ಲವೂ ಆ ಡಬ್ಬಿಗೆ ಬಿದ್ದಿವೆ. ತನ್ನ ಹೆಸರು ಮಾತ್ರ ಬಿದ್ದಿಲ್ಲ.

ರೇಷನ್ ಅಂಗಡಿಯ ಸಾಲಿನಲ್ಲಿ ಬೆಳೆದ ಹೆಣ್ಣುಮಗಳು. "ಜಾಸ್ತಿ ಕೇಳ್ಬೇಡ್ವೇ, ಹಿಂದಿನವರಿಗೆ ಸಾಲಲ್ಲ" ಎಂದು ತಾಯಿ ಸೆರಗೆಳೆಯುತ್ತಿದ್ದದ್ದು ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಪರಲೋಕದ ಬಾಗಿಲಲ್ಲೂ ಅಂಥದೇ ಒಂದು ಸಾಲಿದೆ ಎಂದುಕೊಂಡು ಇಷ್ಟು ವರ್ಷ ಎಲ್ಲರಿಗೂ ಜಾಗ ಬಿಟ್ಟುಕೊಟ್ಟು ನಿಂತಿದ್ದಳು.

ಮಳೆಗಾಲದಲ್ಲಿ ನಲ್ಲಿಯ ಬಳಿ ಪಾಚಿಗೆ ಜಾರಿ ಬಲಗೈಯ ಮಣಿಕಟ್ಟು ಮುರಿದಿತ್ತು. ಹಾಕಿದ್ದ ಕಟ್ಟು ಬಿಚ್ಚಿದರೂ ಬೆರಳುಗಳು ಮಡಚಲೊಲ್ಲವು. ರವಿಕೆ ಹೊಲಿದು ಬದುಕಿದ ಕೈಗೆ ಕತ್ತರಿ ನಿಲ್ಲದು. ಮೆಷಿನ್ನಿಗೆ ಹಳೆಯ ದುಪ್ಪಟಿ ಹೊದಿಸಿದ್ದಳು. ರಾಜಾಜಿನಗರದ ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಮಾಡಿಸುವ ರಂಜಿನಿ ಎಂಬ ಹುಡುಗಿ ಎಚ್ಚರಿಸಿದ್ದಳು.

"ಆಂಟಿ, ದೊಡ್ಡ ಪಾತ್ರೆ ತುಂಬ ಅಕ್ಕಿ ತಗೊಳ್ಳಿ. ಕೈ ಒಳಗಿಟ್ಟು ಹಿಸುಕ್ತಾ ಇರಿ. ಈಗ ಬಿಟ್ರೆ ಬೆರಳು ಹಾಗೇ ಕಟ್ಟಿಗೆ ಆಗ್ಬಿಡತ್ತೆ."

ಪಾತ್ರೆ ತುಂಬ ಅಕ್ಕಿ! ಮನೆಯ ಅಕ್ಕಿಡಬ್ಬದಲ್ಲಿ ಪಾವು ತಳಕ್ಕೆ ತಾಗಿ ಕಿರುಗುಟ್ಟುತ್ತಿತ್ತು. ಈ ಮಾತನ್ನು ಆಕೆ ಚಿಕ್ಕಗಂಗಮ್ಮನಿಗೆ ನಗುತ್ತಲೇ ಹೇಳಿದ್ದಳು. ಚಿಕ್ಕಗಂಗಮ್ಮ ನಗಲಿಲ್ಲ. ಬೀದಿಯಲ್ಲಿ ಹೋಗುತ್ತಿದ್ದ ಚರ್ಚಿನ ಪಾದ್ರಿ ಅಯ್ಯನವರನ್ನು ನಿಲ್ಲಿಸಿ ಎಲ್ಲವನ್ನೂ ಹೇಳಿಬಿಟ್ಟಳು.

ಅಂದು ಮಧ್ಯಾಹ್ನ ಅಯ್ಯನವರು ಅಕ್ಕಿಚೀಲ ಹೊತ್ತು ಬಂದರು.

"ನಂಗಾ? ಬೇಡಿ ಅಯ್ಯನವರೇ. ನಂಗಿಂತ ಕಷ್ಟದವರು ಇದಾರೆ."

"ಇದಾರೆ. ಅವರಿಗೂ ಹೋಗಿದೆ."

"ನಾನ್ ತಗೊಂಡ್ರೆ ಇನ್ನೊಬ್ರಿಗೆ ಕಮ್ಮಿ ಆಗಲ್ವಾ?"

ಎದುರು ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದ ಚಿಕ್ಕಗಂಗಮ್ಮ ಅಲ್ಲಿಂದಲೇ ಕೂಗಿದಳು. "ಊರೋರ ಅರ್ಜಿ ಎಲ್ಲಾ ಹಾಕ್ತಾಳೆ ಸಾಮಿ, ತನ್ ಅರ್ಜಿ ಮಾತ್ರ ಸೆರಗಲ್ಲಿ ಗಂಟು ಹಾಕ್ಕೊಂಡವ್ಳೆ!"

ಅಯ್ಯನವರು ಚೀಲವನ್ನು ಹೊಸ್ತಿಲಿಗೆ ಒರಗಿಸಿ ಬೆವರೊರೆಸಿಕೊಂಡರು. "ಅಮ್ಮಾ, ದೇವರದ್ದೇನು ರೇಷನ್ ಅಂಗಡೀನಾ, ಸ್ಟಾಕ್ ಇಲ್ಲ ಅಂತ ಬೋರ್ಡ್ ಹಾಕೋಕೆ? ಅದು ತಂದೆ ಮನೆ. ತಂದೆ ಮನೇಲಿ ಇನ್ನೊಂದು ಮುದ್ದೆ ಕೇಳೋಕೆ ಯಾರಾದ್ರೂ ಕ್ಯೂ ನಿಲ್ತಾರಾ? ಊರಿಗೆಲ್ಲಾ ಕೊಡ್ತಾನೆ ಅಂತ ನಂಬ್ತೀರಿ, ನಿಮಗೆ ಕೊಡ್ತಾನೆ ಅಂತ ನಂಬಲ್ಲ. ಇದು ವಿನಯ ಅಲ್ಲ, ಅರ್ಧ ನಂಬಿಕೆ."

ಜೀವರತ್ನಮ್ಮ ತನ್ನ ಬಲಗೈಯನ್ನೇ ನೋಡಿದಳು. ಆಮೇಲೆ ಬಹಳ ಮೆಲ್ಲಗೆ, "ಕೇಳಿ ಸಿಗದಿದ್ರೆ?" ಎಂದಳು.

ಸಾಲು, ಹಿಂದಿನವರು ಎಲ್ಲ ನೆಪ. ಒಳಗಿದ್ದದ್ದು ಈ ಭಯ.

ಅಯ್ಯನವರು ಚೀಲದ ಪಕ್ಕದಲ್ಲೇ ಕೂತರು. "ನನ್ನ ಹೆಂಡತಿಗೋಸ್ಕರ ಕೇಳ್ದೆ, ನಿಮಗೇ ಗೊತ್ತು. ಅವಳು ಉಳೀಲಿಲ್ಲ. ಆದ್ರೆ ಕೇಳೋಕೆ ಹೋದ ನನ್ನನ್ನ ಅವನು ಬಾಗಿಲಲ್ಲೇ ನಿಲ್ಲಿಸಲಿಲ್ಲ ಅಮ್ಮ. ಒಳಗೆ ಕರ್ಕೊಂಡ. ಇನ್ನೂ ಅಲ್ಲೇ ಇದೀನಿ." ಅಷ್ಟು ಹೇಳಿ, ಕೊಟ್ಟ ನೀರು ಕುಡಿದು ಹೊರಟುಹೋದರು.

ಜೀವರತ್ನಮ್ಮ ಚೀಲವನ್ನು ದೊಡ್ಡ ಪಾತ್ರೆಗೆ ಸುರಿದಳು. ಸೋನಾಮಸೂರಿ, ರೇಷನ್ನಿನ ದಪ್ಪಕ್ಕಿ, ಯಾರೋ ಸ್ಥಿತಿವಂತರ ಮನೆಯ ಉದ್ದನೆಯ ಬಾಸುಮತಿ, ನಡುನಡುವೆ ಕೆಂಪಕ್ಕಿ. ಅಷ್ಟೊಂದು ಅಡುಗೆಮನೆಗಳು ಒಟ್ಟಿಗೆ ತನ್ನ ಮುಂದೆ ಬಂದು ಕೂತಂತಾಯಿತು. ತಾನೇ ಎಡಗೈಯಲ್ಲಿ ಹಾಕಿದ್ದ ಕಾಳುಗಳೂ ಅದರಲ್ಲೆಲ್ಲೋ ಇದ್ದವು. ಬಲಗೈಯನ್ನು ಮಣಿಕಟ್ಟಿನವರೆಗೆ ಇಳಿಸಿದಳು. ತಂಪಾಗಿತ್ತು.

"ತಂದೇ," ಎಂದಳು. ಬೇರೆಯವರಿಗಾಗಿ ನಿರರ್ಗಳವಾಗಿ ಹರಿಯುತ್ತಿದ್ದ ನಾಲಿಗೆ ತನ್ನ ಹೆಸರಿನ ಹತ್ತಿರ ತಡವರಿಸಿತು. "ಜೀವರತ್ನ... ನನ್ ಕೈ... ನಂಗೆ ಬೇಕು."

ಅಳು ಬಂತು. ಬೆರಳು ಅಂದು ಮಡಚಲಿಲ್ಲ. ಮರುದಿನವೂ ಇಲ್ಲ. ಆದರೆ ಕೇಳಿಬಿಟ್ಟ ಮೇಲೆ ಎದೆ ಹಗುರವಾಗಿತ್ತು. ದಿನವೂ ಕೈಯಿಟ್ಟು ಹಿಸುಕಿದಳು, ದಿನವೂ ಕೇಳಿದಳು. ಅದೇ ಅಕ್ಕಿಯಲ್ಲಿ ಅನ್ನವನ್ನೂ ಮಾಡಿದಳು. "ಏನೇ ರತ್ನ, ಒಂದಗುಳು ಬೆಂದ್ರೆ ಇನ್ನೊಂದು ಮುನಿಸ್ಕೊಂಡು ಕೂತೈತೆ!" ಎಂದು ಬೈಯುತ್ತಲೇ ಚಿಕ್ಕಗಂಗಮ್ಮ ಎರಡನೆಯ ಸಲ ಬಡಿಸಿಕೊಂಡಳು.

ಪಾತ್ರೆಯ ಅಕ್ಕಿ ಇಳಿಯುತ್ತಾ ಬಂತು, ಬೆರಳು ಒಂದೊಂದಾಗಿ ಬಾಗುತ್ತಾ ಬಂದವು. ಒಂದು ಬೆಳಿಗ್ಗೆ ಎತ್ತಿದ ಬಲಗೈಯಲ್ಲಿ ಕಾಳುಗಳು ನಿಂತವು. ಪೂರ್ತಿ ಹಿಡಿಯಲ್ಲ, ಮುಕ್ಕಾಲು. ಕಿರುಬೆರಳು ಇನ್ನೂ ಹಟ ಹಿಡಿದಿತ್ತು. ಅಂದೇ ಮೆಷಿನ್ನಿನ ಮೇಲಿನ ದುಪ್ಪಟಿ ಕೆಳಗಿಳಿಯಿತು.

ಆ ಭಾನುವಾರ ಡಬ್ಬಿಯೊಳಗೆ ಅಕ್ಕಿ ಝಲ್ಲೆಂದದ್ದು ಎದುರುಮನೆಗೂ ಕೇಳಿಸಿತು.

"ಇವತ್ ಯಾರ್ ಹೆಸರಲ್ಲಿ ಹಾಕ್ದೆ?" ಚಿಕ್ಕಗಂಗಮ್ಮ ಹೂವಿನಿಂದ ತಲೆಯೆತ್ತಿ ಕೇಳಿದಳು.

"ನಂದೂ ನಿಂದೂ."

"ನನ್ನ ಯಾಕೆ ಸೇರಿಸ್ದೆ? ನಂಗೆ ನಮ್ ದೇವ್ರು ಅಣ್ಣಮ್ಮ ತಾಯಿ ಇದಾಳೆ."

"ಇರ್ಲಿ ಬಿಡೇ, ಮಂಡಿ ಎರಡಿಲ್ವಾ? ಇಬ್ರೂ ಒಂದೊಂದು ಹಂಚ್ಕೊಳ್ಳಲಿ."

"ಬಾಯಿ ನೋಡು! ಕೈ ಬಂದಿದ್ದೇ ಬಂದಿದ್ದು. ಹಂಗಾದ್ರೆ ನನ್ ರವಿಕೆ ಯಾವತ್ತು ಕೊಡ್ತೀಯ? ತೋಳು ಹಿಂದಿನ್ ಥರ ಬಿಗಿ ಮಾಡ್ಬೇಡ, ಕುತ್ತಿಗೆ ಹತ್ರ ಒಂದ್ ಚೂರು..."

ಚರ್ಚಿನ ಗಂಟೆ ಹೊಡೆಯಿತು. ಜೀವರತ್ನಮ್ಮ ಡಬ್ಬಿಯನ್ನು ಬಲಗೈಗೆ ಬದಲಾಯಿಸಿಕೊಂಡು ಬೀದಿಗಿಳಿದಳು.

"...ಏಯ್, ಪೈಪಿಂಗ್ ಯಾವ್ ಬಣ್ಣ ಅಂತಾದ್ರೂ ಕೇಳ್ಕೊಂಡು ಹೋಗೇ!"

ಆಕೆ ಆಗಲೇ ತಿರುವು ದಾಟಿದ್ದಳು.